ಸೀರೆ ತಟ್ಟೆಯ ಅಂಚು

ಇದನ್ನು ಹೇಳಿಬಿಡಬೇಕೆಂದು ಹಲವು ದೀಪಾವಳಿಗಳಿಂದ ಅಂದುಕೊಂಡು, ಮುಂದೂಡುತ್ತಲೇ ಬಂದಿದ್ದೇನೆ.

ಹಬ್ಬದ ಸಂಜೆ ಚಳ್ಳಕೆರೆಯ ನಮ್ಮ ಬೀದಿಯವರೆಲ್ಲ ಒಂದು ಮನೆಯ ತಾರಸಿಯಲ್ಲಿ ಸೇರುತ್ತೇವೆ. ಮನೆಗೊಂದು ತಿಂಡಿ ತಟ್ಟೆ ಬರುತ್ತದೆ. ಅವುಗಳಲ್ಲಿ ಮೊದಲು ಖಾಲಿಯಾಗುವುದು ನನ್ನದು. ಇದು ಜಂಬದ ಮಾತಲ್ಲ, ಬೀದಿಯಲ್ಲಿ ಯಾರನ್ನು ಬೇಕಾದರೂ ಕೇಳಿ.

ನನ್ನದು ಸೀರೆ ತಟ್ಟೆ. ದೊಡ್ಡ ಹಿತ್ತಾಳೆ ಪರಾತದಲ್ಲಿ ತಿಂಡಿಗಳಿಂದಲೇ ಮೊಳಕಾಲ್ಮೂರು ರೇಷ್ಮೆ ಸೀರೆ ಹಾಸುತ್ತೇನೆ. ಒಡಲಿಗೆ ಶೇಂಗಾ ಚಿಕ್ಕಿ, ಸೆರಗಿಗೆ ಬೀಟ್‌ರೂಟ್ ಹಲ್ವಾ, ಜರಿಗೆ ಸಣ್ಣ ಖಾರಸೇವೆ, ಎರಡೂ ಬದಿಯ ಗೋಪುರದಂಚಿಗೆ ಮೂರು ಮೂಲೆಯ ಶಂಕರಪೋಳಿ. ಸೇವೆಯನ್ನು ಕೊನೆಗೆ ಹಾಕಬೇಕು. ಹಲ್ವಾದ ತೇವ ತಾಗಿದರೆ ಮೆತ್ತಗಾಗುತ್ತದೆ. ಚಿಕ್ಕಿಯನ್ನು ಬಿಸಿಯಿರುವಾಗಲೇ ಕತ್ತರಿಸಬೇಕು. ಎಣ್ಣೆ ಮಿಲ್ಲಿನಲ್ಲಿ ಬಾಳೆಲ್ಲ ಶೇಂಗಾ ನೋಡಿದವನು ನಾನು, ಕಮಟು ಬೀಜ ಮೂಗಿಗೇ ತಿಳಿಯುತ್ತದೆ. ಇವೆಲ್ಲ ನನ್ನ ವಿದ್ಯೆ. ಅಂಚು ಮಾತ್ರ ನನ್ನದಲ್ಲ.

ಮೊದಲ ವರ್ಷ ನಾನು ಒಡಲು ತುಂಬಿಸಿ, ಆಮೇಲೆ ಅಂಚು ಜೋಡಿಸಿದ್ದೆ. ಪರಾತ ಎತ್ತಿದೊಡನೆ ಶಂಕರಪೋಳಿಯೆಲ್ಲ ಜಾರಿ ಹಲ್ವಾದೊಳಗೆ ಬಿತ್ತು. ಹಬ್ಬಕ್ಕೆ ಬಂದಿದ್ದ ಅಣ್ಣನ ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಅಣ್ಣ ಮಗ್ಗದ ಕೆಲಸ ಕಲಿಯಲು ಮೊಳಕಾಲ್ಮೂರಿಗೆ ಹೋಗಿ, ಅಲ್ಲಿನ ನೇಕಾರರ ಮನೆಯ ಅಳಿಯನಾಗಿದ್ದ. ಮೈದುನನಾದ ನನ್ನನ್ನು ಆಕೆ ತೆಲುಗಿನಲ್ಲಿ ಮರಿದಿ ಎನ್ನುತ್ತಿದ್ದರು.

"ಮರಿದೀ, ಸೀರೆ ನೇಯ್ದ ಮ್ಯಾಲೆ ಅಂಚು ಹಚ್ತಾರೇನು? ಸರಿ ಅತ್ಲಾಗೆ."

ಎಲ್ಲ ಬಿಚ್ಚಿದರು. ಮೊದಲು ಎರಡೂ ಅಂಚು ಇಟ್ಟರು. ಆಮೇಲೆ ಸಾಲು ಸಾಲಾಗಿ ಚಿಕ್ಕಿ ತುಂಬುತ್ತ, ಪ್ರತಿ ಸಾಲಿನ ಕೊನೆಯ ತುಂಡನ್ನು ಚೂಪಾಗಿ ಕತ್ತರಿಸಿ ಎರಡು ಶಂಕರಪೋಳಿಗಳ ಸಂದಿಗೆ ಕಚ್ಚಿಸಿದರು. ಮಗ್ಗದಲ್ಲಿ ಅಂಚಿಗೂ ಒಡಲಿಗೂ ಬೇರೆ ಬೇರೆ ಲಾಳಿ ಓಡಿಸಿ ಎಳೆ ಹೆಣೆಯುವುದೂ ಹೀಗೆಯೇ ಎಂದರು. ಪರಾತವನ್ನು ಓರೆ ಮಾಡಿ ತೋರಿಸಿದರು. ಒಂದು ತುಂಡೂ ಅಲುಗಲಿಲ್ಲ.

ತಾರಸಿಯಲ್ಲಿ ಜನ ಸುತ್ತುವರಿದರು.

"ಯಾರ ಕೈದ್ರೀ ಇದು?"

"ನಂದೇ," ಎಂದೆ.

ಪಕ್ಕದ ಮನೆಯಾಕೆ ಅಣ್ಣನ ಹೆಂಡತಿಯತ್ತ ನೋಡಿ, "ಸೀರೆ ಅಂದ್ಮೇಲೆ ಇವರ ಕೈಯೂ ಇರ್ಬೇಕಲ್ಲ?" ಎಂದರು. ಹೌದು ಎಂದಿದ್ದರೆ ಮುಗಿಯುತ್ತಿತ್ತು.

"ಇವರ್ದಾ? ಮಗ್ಗದೋರಿಗೆ ಒಲೆ ಕೊಟ್ರೆ ನೂಲು ಹುರಿದು ಬಡಿಸ್ತಾರೆ!" ಎಂದೆ.

ಎಲ್ಲರೂ ನಕ್ಕರು. ಆಕೆಯೂ ನಕ್ಕು, ನೀರಿನ ಜಗ್ಗು ಎತ್ತಿಕೊಂಡು ಲೋಟ ತುಂಬಿಸುತ್ತ ಹೋದರು. ಬೆಳಿಗ್ಗೆ ಪಾಡ್ಯದ ಊಟಕ್ಕೂ ನಿಲ್ಲದೆ ಅಣ್ಣನನ್ನು ಕರೆದುಕೊಂಡು ಬಸ್ಸು ಹತ್ತಿದರು. ಆಮೇಲೆ ಯಾವ ದೀಪಾವಳಿಗೂ ನಮ್ಮ ಮನೆಗೆ ಬರಲಿಲ್ಲ. ನಾನು ಮಾತ್ರ ಪ್ರತಿ ವರ್ಷ ಅದೇ ಅಂಚಿಟ್ಟು, "ನಂದೇ" ಎನ್ನುತ್ತ ಬಂದೆ.

ಈ ವರ್ಷ ನನ್ನ ಸೊಸೆ ತಟ್ಟೆಯ ಫೋಟೊವನ್ನು ಬಂಧುಗಳ ವಾಟ್ಸಾಪ್ ಗುಂಪಿಗೆ ಹಾಕಿದಳು. ಸ್ವಲ್ಪ ಹೊತ್ತಿಗೆ ಮೊಳಕಾಲ್ಮೂರಿನಿಂದ ಫೋನು. ಸೊಸೆ ನನ್ನ ಕೈಗೆ ಕೊಟ್ಟಳು.

"ಮರಿದೀ, ಬಲಗಡೆ ಅಂಚಿನಾಗೆ ಒಂದು ಹಲ್ಲು ಸಡ್ಲ ಐತೆ. ಎತ್ತೋಕ್ ಮುಂಚೆ ನೋಡ್ಕೊ."

"ಹೂಂ."

"ಉಳಿದದ್ದು ಚೆಂದಾಗೈತೆ ಬಿಡು."

ಇಷ್ಟು ಹೇಳಿಯೂ ಆಕೆ ಫೋನು ಇಡಲಿಲ್ಲ. ನಾನು ಆಡಬೇಕಾಗಿದ್ದ ಮಾತಿಗೆ ಅದಕ್ಕಿಂತ ಒಳ್ಳೆಯ ಗಳಿಗೆ ಬೇಕಿರಲಿಲ್ಲ. ಫೋನನ್ನು ಸೊಸೆಯ ಕೈಗಿಟ್ಟು ಪರಾತದ ಬಳಿ ಹೋದೆ. ನಿಜವಾಗಿಯೂ ಒಂದು ಶಂಕರಪೋಳಿ ಸಡಿಲವಾಗಿತ್ತು. ಸರಿಪಡಿಸಿದೆ.

ತಾರಸಿಯಲ್ಲಿ ಬೀದಿಗೆ ಹೊಸದಾಗಿ ಬಂದ ಸೊಸೆಯೊಬ್ಬಳು, "ಅಜ್ಜಾ, ಇದನ್ನ ಯಾರು ಕಲಿಸಿದ್ರು?" ಎಂದಳು. ಈ ಸಲವೂ ನಗುತ್ತ ನನ್ನ ತಲೆಯನ್ನೇ ಬೆರಳಿನಿಂದ ತಟ್ಟಿ ತೋರಿಸಿದೆ.

ಅದಕ್ಕೇ ಇದನ್ನು ಬರೆದೆ. ಬೀದಿಯವರೂ ಓದಲಿ. ಆ ಅಂಚು ಕಲಿಸಿದ್ದು ನನ್ನ ತಲೆಯಲ್ಲ. ಕಲಿಸಿದ್ದು, ಅಷ್ಟು ಜನರೆದುರು ನಾನು ನಗೆಪಾಟಲು ಮಾಡಿ ಈವರೆಗೂ ಕ್ಷಮೆ ಕೇಳದ ನನ್ನ ಅತ್ತಿಗೆ.