ಬಸ್ಸಿನ ಬೋರ್ಡಿಗೊಂದು ಬೆನ್ನು

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದಾಗ ಚಿತ್ರದುರ್ಗದ ಬಸ್ ನಿಲ್ದಾಣದ ಎದುರಿಗೆ ನನ್ನದೊಂದು ಬೋರ್ಡಿನ ಅಂಗಡಿ ಇತ್ತು. ಅದುವರೆಗೆ ತಗಡಿನ ಮೇಲೆ ಕುಂಚದಲ್ಲಿ ಬರೆದುಕೊಂಡಿದ್ದವನು ಆಗಷ್ಟೇ ಅಕ್ರಿಲಿಕ್ ಹಾಳೆಗೆ ಕೈ ಹಚ್ಚಿದ್ದೆ. ನೋಡಲು ಗಾಜಿನಂಥ ಪ್ಲಾಸ್ಟಿಕ್ಕು. ಹಿಂದುಗಡೆ ಅಕ್ಷರಗಳನ್ನು ಉಲ್ಟಾ ಅಚ್ಚು ಹಾಕಿದರೆ ಮುಂದಿನಿಂದ ನೆಟ್ಟಗೆ ಕಾಣುತ್ತವೆ. ಜನ ಅಚ್ಚು ನೋಡಿ ಬಾಯಿ ಬಿಡುತ್ತಿದ್ದರು. ನನ್ನ ತಲೆನೋವೇ ಬೇರೆ, ಅದರ ಬೆನ್ನಿಗೆ ಏನು ಕೊಡುವುದು ಅಂತ. ತಗಡು ಕೊಟ್ಟರೆ ಬಿಸಿಲಿಗೆ ಸೊಟ್ಟಗಾಗಿ ಅಚ್ಚನ್ನೇ ಕೆರೆದುಹಾಕುತ್ತದೆ. ಹಾರ್ಡ್‌ಬೋರ್ಡು ಮಳೆ ನೀರು ಕುಡಿದು ಹಪ್ಪಳದ ಹಾಗೆ ಉಬ್ಬುತ್ತದೆ. ಪ್ಲೈವುಡ್ಡು ಗಟ್ಟಿ, ಆದರೆ ಭಾರ. ಸಾಲದ್ದಕ್ಕೆ ಬಣ್ಣದ ತಕರಾರು ಬೇರೆ, ಹಿಂದೆ ಕಪ್ಪು ಕೊಟ್ಟರೆ ಕಡುಗೆಂಪು ಅಕ್ಷರ ಮಾಯ. ಗಿರಾಕಿಗಳಿಗೆ ಇದನ್ನೆಲ್ಲ ಹೇಳಿ ಹೇಳಿ ಗಂಟಲು ಹರಿದುಕೊಂಡು ಕೊನೆಗೆ ನಾನೇ ಒಂದು ಪದ್ಧತಿ ಮಾಡಿಕೊಂಡೆ. ದೀಪ ಹಚ್ಚುವ ಹೊತ್ತಿಗೆ ಬರಹೇಳಿ, ಅವರನ್ನು ರಸ್ತೆಯ ಆಚೆ ನಿಲ್ಲಿಸಿ, ಅಚ್ಚಿನ ಹಾಳೆಯ ಹಿಂದೆ ಒಂದೊಂದೇ ಹಲಗೆ ಹಿಡಿದು ಓದಿಸುವುದು. ಮಧ್ಯಾಹ್ನಕ್ಕೆ ಯಾವ ಬೋರ್ಡಾದರೂ ಚಂದವೇ. ಅದರ ಬಂಡವಾಳ ಬಯಲಾಗುವುದು ಸಂಜೆಗೆ.

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಹೊಸದುರ್ಗದ ಒಂದು ಖಾಸಗಿ ಬಸ್ಸಿನ ಡ್ರೈವರ್. ಹೊಳಲ್ಕೆರೆ ಮೇಲೆ ಚಿತ್ರದುರ್ಗಕ್ಕೆ ಬಂದು ಮುಸ್ಸಂಜೆಗೆ ಅದೇ ದಾರಿಯಲ್ಲಿ ವಾಪಸ್ ಹೋಗುವ ಗಾಡಿ. ಬಸ್ಸಿನ ಹಣೆಗೆ ಹಾಕುವ ಊರುಗಳ ಬೋರ್ಡನ್ನು ಅವರೇ ಮಾಲೀಕರಿಗೆ ಹೇಳಿ ನನಗೆ ಕೊಡಿಸಿದ್ದರು. ಬಲು ತಮಾಷೆಯ ಮನುಷ್ಯ. ಹಿಂದೆ ಕೂತವರನ್ನೆಲ್ಲ ನಗಿಸಿಕೊಂಡೇ ಗಾಡಿ ಓಡಿಸುತ್ತಿದ್ದರು. ಇನ್ನು ಭಾಮೈದನ ಕಾಲೆಳೆಯುವುದಂತೂ ಅವರ ಹಕ್ಕೇ ಆಗಿತ್ತು.

ಒಂದು ಸಂಜೆ ಜನ ಬಸ್ಸು ಹತ್ತುತ್ತಿದ್ದಾಗ ಭಾವ ಬೋರ್ಡು ನೋಡಲು ಬಂದರು. ರಸ್ತೆಯಾಚೆ ನಿಲ್ಲಿಸಿ, ಕಡುಗೆಂಪು ಅಕ್ಷರದ ಅಚ್ಚಿನ ಹಾಳೆಯ ಹಿಂದೆ ಮೊದಲು ಬಿಳಿ ಬಳಿದ ಪ್ಲೈವುಡ್ಡು ಹಿಡಿದೆ. ಬಾಳ ಚಂದಾಗೈತೆ ಎಂದರು. ಹಳದಿ ಹಿಡಿದೆ. ಇದೂ ಚಂದಾಗೈತೆ ಎಂದರು. ಬೇಕಂತಲೇ ಕಪ್ಪು ಹಲಗೆ ಹಿಡಿದೆ. ನಾನೇ ಬಗ್ಗಿ ನೋಡಿದರೂ ಒಂದಕ್ಷರ ಕಾಣದು. ಹಾಗಿದ್ದರೆ ಇದೇ ಇರಲಿ ಬಿಡು ಎಂದುಬಿಟ್ಟರು. ನನಗೆ ರೇಗಿಹೋಯಿತು. ಹೊಟ್ಟೆಪಾಡಿನ ಕೆಲಸದಲ್ಲೂ ಇವರದು ಹುಡುಗಾಟವೇ ಅಂದುಕೊಂಡು, ಅಚ್ಚಿನ ಹಾಳೆಯನ್ನು ಕೆಳಗಿಟ್ಟು ಬರೀ ಬಿಳಿ ಹಲಗೆ ಎತ್ತಿ ಹಿಡಿದೆ. ಏನು ಬರೆದೈತೆ ಓದ್ರಿ ನೋಡಾಣ ಎಂದೆ.

"ಹೊಸದುರ್ಗ, ಹೊಳಲ್ಕೆರೆ, ಚಿತ್ರದುರ್ಗ," ಎಂದು ಭಾವ ನಿಧಾನಕ್ಕೆ ಓದಿದರು.

ಮುಖದಲ್ಲಿ ನಗು ಇರಲಿಲ್ಲ. ಕತ್ತು ಮುಂದೆ ಚಾಚಿ, ಕಣ್ಣು ಕಿರಿದು ಮಾಡಿ, ಕಷ್ಟಪಟ್ಟು ಓದಿದ್ದರು.

ರಸ್ತೆ ದಾಟಿ ಹೋಗಿ, ಅದು ಬರೀ ಹಲಗೆ ಭಾವ ಎಂದೆ. ಮೊದಲು ಬೈದರು. ಆಮೇಲೆ ಸುತ್ತ ಯಾರಾದರೂ ಇದ್ದಾರೇನೋ ಎಂದು ನೋಡಿ ನನ್ನ ತೋಳು ಹಿಡಿದುಕೊಂಡರು.

"ಹಗಲೊತ್ತು ಎಲ್ಲಾ ಕಾಣ್ತೈತೆ ಕಣೋ. ಹೊತ್ತು ಮುಳುಗಿದ್ರೆ ಒಂದೀಟು ಮಬ್ಬು. ಲೈಟ್ ಹಾಕಿದ್ರೆ ನಡುದಾರಿ ಕಾಣ್ತೈತಲ್ಲ, ಸಾಕು. ನಿಮ್ಮಕ್ಕಂಗೆ ಹೇಳಬ್ಯಾಡ."

ಇವತ್ತೊಂದು ದಿನ ಗಾಡಿ ಇಲ್ಲೇ ಇರಲಿ ಎಂದು ಗೋಗರೆದೆ. ಹತ್ತಿ ಕೂತವರಿಗೆ ಏನಂತ ಹೇಳಲಿ ಎಂದರು. ಕಂಡಕ್ಟರ್ ಆಗಲೇ ಸೀಟಿ ಊದುತ್ತಿದ್ದ. ಕೂಗಿ ಹೇಳೋಣವೆಂದರೆ ಜನ ಅವರನ್ನು ಸುಮ್ಮನೆ ಬಿಡುತ್ತಾರೆಯೇ? ಮಾಲೀಕರಿಗೆ ಹೇಳೋಣವೆಂದರೆ ನಾಳೆಯಿಂದ ಅಕ್ಕನ ಒಲೆ ಹೊತ್ತುವುದು ಹೇಗೆ? ಹೇಳದೆ ಇರೋಣವೆಂದರೆ, ಕಿಟಕಿಯಲ್ಲಿ ಒಬ್ಬ ತಾಯಿ ಕೂಸಿಗೆ ಟೋಪಿ ಕಟ್ಟುತ್ತಿದ್ದಳು. ಗಾಡಿ ಓಡಿಸೋಣವೆಂದರೆ ನನಗೆ ಸೈಕಲ್ಲು ಬಿಟ್ಟರೆ ಬೇರೆ ಬರದು. ಅಡಕತ್ತರಿಯಲ್ಲಿ ಸಿಕ್ಕಿದ ಅಡಿಕೆಯಾಗಿದ್ದೆ. ಅಂಗಡಿಯ ಬಾಗಿಲು ಎಳೆದುಕೊಂಡು ಓಡಿ ಬಸ್ಸು ಹತ್ತಿದೆ. ಭಾವನ ಪಕ್ಕ ಎಂಜಿನ್ ಮುಚ್ಚಳದ ಮೇಲೆ ಕೂತೆ. ಭಾಮೈದನಿಗೆ ಅಕ್ಕನ ಮನೆ ಊಟ ನೆನಪಾಯಿತು ಅಂತ ಕಾಣುತ್ತದೆ ಎಂದು ಕಂಡಕ್ಟರ್ ನಕ್ಕ.

ಊರು ದಾಟುವಷ್ಟರಲ್ಲಿ ಪೂರ್ತಿ ಕತ್ತಲಾಯಿತು. ನಾನು ಮುಂದಿನ ಗಾಜಿಗೆ ಕಣ್ಣು ನೆಟ್ಟು, ಹಿಂದಿನವರಿಗೆ ಕೇಳಿಸದ ಹಾಗೆ ಹೇಳುತ್ತ ಹೋದೆ. ಎಡಕ್ಕೆ ಎತ್ತಿನ ಗಾಡಿ, ಲಾಂದ್ರ ಇಲ್ಲ. ಬಲಕ್ಕೆ ಸೈಕಲ್ಲು, ಹಿಂದೆ ಹೆಂಗಸು ಕೂತಿದ್ದಾಳೆ. ಹುಲ್ಲು ಹೊರೆ ಹೊತ್ತ ಇಬ್ಬರು. ಕುರಿ ಹಿಂಡು, ಪಕ್ಕದಲ್ಲಿ ಕರಿ ಕಂಬಳಿ ಹೊದ್ದವನೊಬ್ಬ. ಮೊದಮೊದಲು ಭಾವ ಹೂಂ ಹೂಂ ಎನ್ನುತ್ತ ಸ್ಟೇರಿಂಗ್ ತಿರುಗಿಸಿದರು. ಬರಬರುತ್ತ ಹೂಂಗುಟ್ಟುವುದು ನಿಂತಿತು. ಎಲ್ಲಿ, ಎಲ್ಲಿ ಎಂದು ಕೇಳತೊಡಗಿದರು. ಆಮೇಲೆ ಅದನ್ನೂ ಕೇಳಲಿಲ್ಲ. ನನಗೆ ಮನೆದೇವರನ್ನು ನೆನೆಯಲೂ ಪುರುಸೊತ್ತಿರಲಿಲ್ಲ.

ಹೊಳಲ್ಕೆರೆ ಇನ್ನೂ ದೂರವಿದ್ದಾಗಲೇ ಭಾವ ಗಾಡಿಯನ್ನು ಮೆಲ್ಲಗೆ ರಸ್ತೆಯ ಮಗ್ಗುಲಿಗೆ ತಂದು ನಿಲ್ಲಿಸಿದರು.

"ದಿನಾ ಇಷ್ಟು ಜನ ಇರ್ತಾರೇನೋ ದಾರೀಲಿ?" ಎಂದು ಕೇಳಿದರು.

ಇರುತ್ತಾರೆ ಎಂದೆ.

"ಕತ್ತಲಾದ್ಮೇಲೆ ದಾರಿ ಖಾಲಿ ಇರ್ತೈತೆ ಅಂದ್ಕಂಡಿದ್ದೆ."

ನನಗೆ ಅಳು ಬಂತು. ಹಿಂದಿನಿಂದ ಯಾರೋ, ಯಾಕೆ ಡ್ರೈವರೇ ನಿಲ್ಲಿಸಿಬಿಟ್ಟಿರಿ ಎಂದು ಕೂಗಿದರು. ಭಾವ ಎಂಜಿನ್ ಬಂದ್ ಮಾಡಿ ಎದ್ದು ಹಿಂದಕ್ಕೆ ತಿರುಗಿ ನಿಂತರು.

"ಕತ್ತಲಾದ್ರೆ ನಂಗೆ ಕಣ್ಣು ಕಾಣಲ್ರಪ್ಪ. ಎಲ್ಲಾರೂ ಇಳ್ಕಳ್ರಿ."

ಯಾರೂ ಏಳಲಿಲ್ಲ. ಇವರದು ಯಾವಾಗಲೂ ಇದ್ದದ್ದೇ ಎಂದು ಇಡೀ ಬಸ್ಸು ಗೊಳ್ಳನೆ ನಕ್ಕಿತು. ಭಾವ ಆ ನಗು ನಿಲ್ಲುವವರೆಗೂ ಕಾದು, ಅದೇ ಮಾತನ್ನು ಇನ್ನೊಂದು ಸಲ ಹೇಳಬೇಕಾಯಿತು.