ಅರ್ಧ ತಿರುಗಿಸಿದ ವಾಲ್ವ್

ನಾನು ಇಂಜಿನಿಯರ್ ಆಗುವುದು ಆಗದ ಮಾತು ಎಂದವರು ನನ್ನ ಸೋದರಮಾವ. ಬೇರೆಯವರೂ ಮನಸ್ಸಿನಲ್ಲಿ ಅಂದುಕೊಂಡಿರಬಹುದು. ಬಾಯಿಬಿಟ್ಟು ಹೇಳಿದವರು ಅವರೊಬ್ಬರೇ. ಮಂಡಕಳ್ಳಿ ಕಡೆಯ ಹಳ್ಳಿಯಿಂದ ಬಂದು ಪೈಪು ಜೋಡಿಸುವ ಕೆಲಸ ಕಲಿತು, ಕಾಂಟ್ರಾಕ್ಟರ್ ಆಗಿ, ಚಾಮರಾಜಪುರಂನಲ್ಲಿ ಮೂರಂತಸ್ತಿನ ಮನೆ ಕಟ್ಟಿದವರು. “ಓದು ನಮ್ ವಂಶಕ್ಕೆ ಹತ್ತಾಕಿಲ್ಲ ಕಣವ್ವ, ಮಗಳನ್ನ ಯಾವ್ದಾರ ಬಟ್ಟೆ ಅಂಗಡಿಗೆ ಸೇರ್ಸು” ಎಂದು ಅಮ್ಮನಿಗೆ ಹೇಳಿದ್ದರು. ಅಗ್ರಹಾರದ ಮನೆಗಳಲ್ಲಿ ಅಡುಗೆ ಮಾಡುತ್ತಿದ್ದ ಅಮ್ಮ ಮಾರನೆಯ ದಿನ ನನ್ನ ಕೈಹಿಡಿದುಕೊಂಡು ಹೋಗಿ ಕಾಲೇಜಿಗೆ ಸೇರಿಸಿದಳು.

ಓದು ಸುಲಭವಾಗಿ ಹತ್ತಲಿಲ್ಲ, ಅದು ನಿಜ. ನೀರಿನ ಒತ್ತಡದ ಪಾಠವಿದ್ದ ಪೇಪರನ್ನೇ ಎರಡನೇ ಸಲ ಬರೆದು ಪಾಸಾದೆ. ಕೊನೆಯ ವರ್ಷ ನಮ್ಮ ಮೇಷ್ಟ್ರು, ಪ್ರಾಜೆಕ್ಟನ್ನು ಕಾಗದದ ಮೇಲೆ ಮಾಡಿದರೆ ಒಪ್ಪುವುದಿಲ್ಲ, ಜನ ವಾಸವಿರುವ ಮನೆಯ ತೊಂದರೆಯೊಂದನ್ನು ಸರಿಮಾಡಿ ತೋರಿಸಬೇಕು ಎಂದರು. ಅವರ ಸಹಿ ಇಲ್ಲದೆ ಡಿಗ್ರಿ ಇಲ್ಲ.

ತೊಂದರೆ ಮಾವನ ಮನೆಯಲ್ಲೇ ಸಿಕ್ಕಿತು. ಮೇಲಂತಸ್ತಿನ ಷವರಿಗೆ ನೀರು ಸಾಲದೆಂದು ಅವರು ತಾರಸಿಯ ಮೇಲೆ ಪ್ರೆಷರ್ ಪಂಪು ಕೂರಿಸಿದ್ದರು. ಒಂದೇ ಪೈಪು ಮೂರೂ ಅಂತಸ್ತಿಗೆ ಇಳಿಯುತ್ತಿದ್ದುದರಿಂದ ಆ ರಭಸವೆಲ್ಲ ಕೆಳಗಿನವರ ಪಾಲಿಗೂ ಬಂತು. ನಲ್ಲಿ ಬಿಟ್ಟರೆ ನೀರು ಬಕೆಟ್ಟಿನಿಂದ ಮುಖಕ್ಕೆ ಹಾರುತ್ತಿತ್ತು. ನಿಲ್ಲಿಸಿದರೆ ಗೋಡೆಯೊಳಗೆ ಯಾರೋ ಗುದ್ದಿದ ಸದ್ದು. ಮಾವನ ಔಷಧಿ ಒಂದೇ: ಕೆಳಗಿಳಿಯುವ ಪೈಪಿನ ವಾಲ್ವನ್ನು ಅರ್ಧ ತಿರುಗಿಸಿ ಮುಚ್ಚುವುದು. ಅವರ ಕೈಕೆಳಗೆ ಕಲಿತವರೆಲ್ಲ ಮಾಡುವುದೂ ಅದನ್ನೇ.

ದೀಪಾವಳಿಯ ನೀರು ತುಂಬುವ ಹಬ್ಬದ ದಿನ. ಅತ್ತೆ ಬಚ್ಚಲಿನ ಹಂಡೆ ಬೆಳಗಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಹೂ ಸುತ್ತಿ, ನೀರು ತುಂಬಿ ಪೂಜೆ ಮಾಡಿದ್ದರು. ನಾವೆಲ್ಲ ಊಟಕ್ಕೆ ಕೂತಿದ್ದೆವು. ಮನೆಯಲ್ಲಿ ಒಂದು ನಲ್ಲಿಯೂ ಬಿಟ್ಟಿರಲಿಲ್ಲ. ಆಗ ಬಚ್ಚಲಿನ ಬೇಸಿನ್ನಿನ ಕೊಳವೆ ಢಬ್ಬೆಂದು ಒಡೆಯಿತು. ನಾವು ಓಡುವಷ್ಟರಲ್ಲಿ ರಂಗೋಲಿ ಕೊಚ್ಚಿಹೋಗಿ, ಹಂಡೆಯ ಪಟ್ಟೆಗಳು ಕೆಂಪಗೆ ಇಳಿಯುತ್ತಿದ್ದವು. ಅತ್ತೆ ಬಾಗಿಲಲ್ಲೇ ನಿಂತುಬಿಟ್ಟರು.

ಮಾವ ಹೋಗಿ ನೀರು ನಿಲ್ಲಿಸಿ, ಬೇರೆ ಕೊಳವೆ ಹಾಕಿ, ವಾಲ್ವನ್ನು ಇನ್ನಷ್ಟು ಬಿಗಿಮಾಡಿದರು. ನನಗೆ ಸುಮ್ಮನಿರಲಾಗಲಿಲ್ಲ. “ಅದರಿಂದ ಏನೂ ಆಗಲ್ಲ ಮಾವ. ನೀರು ಹರೀವಾಗ ಮಾತ್ರ ಅದು ತಡೆಯೋದು. ನಲ್ಲಿ ಎಲ್ಲಾ ಮುಚ್ಚಿದ್ರೆ ಒತ್ತಡ ಪೂರ್ತಿ ಬಂದು ಕೂತ್ಕೊಳುತ್ತೆ.”

ಒದ್ದೆ ಪಂಚೆ ಹಿಂಡುತ್ತಾ ಅವರು ನನ್ನ ಕಡೆ ತಿರುಗಿದರು. “ನಾನು ಪೈಪ್ ಹಿಡ್ಕೊಂಡೇ ಮುದ್ಕ ಆದೋನು. ನೀನು ಪುಸ್ತಕದಾಗೆ ಪೈಪ್ ನೋಡಿರೋಳು.”

ಹಬ್ಬಕ್ಕೆ ಬಂದಿದ್ದ ನೆಂಟರು ನಕ್ಕರು. ಈ ಮನೆಯನ್ನೇ ಪ್ರಾಜೆಕ್ಟಿಗೆ ಕೊಡಿ ಎಂದು ಅಲ್ಲೇ ಕೇಳಿದೆ. “ತಗೋ. ಸರಿ ಹೋಗ್ನಿಲ್ಲ ಅಂದ್ರೆ ಇಂಜಿನಿಯರ್ ಮಾತು ಇಲ್ಗೆ ಬುಟ್ಬುಡು” ಎಂದರು.

ಕಾಲೇಜಿನಿಂದ ಒತ್ತಡದ ಮೀಟರ್ ಕೇಳಿ ತಂದು, ಭಾನುವಾರ ಬಚ್ಚಲಿನ ನಲ್ಲಿಗೆ ಸಿಕ್ಕಿಸಿದೆ. ಮೊದಲು ವಾಲ್ವ್ ಪೂರ್ತಿ ಬಿಟ್ಟು ಮುಳ್ಳು ಎಲ್ಲಿದೆಯೆಂದು ನೋಡಿಕೊಂಡೆ. ಆಮೇಲೆ ವಾಲ್ವನ್ನು ಮುಕ್ಕಾಲು ಮುಚ್ಚಿ, ಪಕ್ಕದ ನಲ್ಲಿ ಬಿಟ್ಟೆ. ಮುಳ್ಳು ಒಂದಕ್ಕೆ ಇಳಿಯಿತು. “ನೋಡ್ದಾ?” ಎಂದರು ಮಾವ. ನಾನು ನಲ್ಲಿ ಮುಚ್ಚಿದೆ. ಮುಳ್ಳು ಏಳತೊಡಗಿತು. ಎರಡು, ಮೂರು, ನಾಲ್ಕು ದಾಟಿ ನಿಂತಿತು. ವಾಲ್ವ್ ಪೂರ್ತಿ ಬಿಟ್ಟಾಗ ಎಲ್ಲಿತ್ತೋ ಅಲ್ಲಿಗೇ. ಮಾವ ತಾವೇ ಬಂದು ನಲ್ಲಿ ಬಿಟ್ಟು ಮುಚ್ಚಿದರು. ಮತ್ತೆ ಬಿಟ್ಟು ಮುಚ್ಚಿದರು. ಆಮೇಲೆ ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತರು. ಅತ್ತೆ ಕೊಟ್ಟ ಕಾಫಿ ಕೈಯಲ್ಲೇ ಆರಿತು.

ಒತ್ತಡ ಇಳಿಸುವ ವಾಲ್ವ್ ಬೇರೆಯೇ ಇರುತ್ತದೆ. ಒಳಗಿನ ಸ್ಪ್ರಿಂಗು ನಾವು ಹೇಳಿದ ಅಳತೆ ಮೀರಿದ ಒತ್ತಡವನ್ನು ಆಚೆ ಬಿಡುವುದಿಲ್ಲ, ನೀರು ನಿಂತಿರಲಿ, ಹರಿಯುತ್ತಿರಲಿ. ಪೈಪು ಮೇಲಂತಸ್ತು ದಾಟಿ ಇಳಿಯುವ ಜಾಗದಲ್ಲಿ ಅದನ್ನು ಹಾಕಬೇಕಿತ್ತು, ಮೇಲಿನ ಷವರಿಗೆ ರಭಸ ಉಳಿಯಲೆಂದು. ಪೈಪು ಕುಯ್ದವಳು ನಾನೇ. ಮೊದಲ ಜೋಡಣೆ ತೊಟ್ಟಿಕ್ಕಿತು. ಬಿಚ್ಚಿ ಮತ್ತೆ ಹಾಕಿದೆ. ಸ್ಪ್ರಿಂಗನ್ನು ಎರಡಕ್ಕೆ ನಿಲ್ಲಿಸಿ, ಕೆಳಗಿಳಿದು, ನಲ್ಲಿಗಳನ್ನೆಲ್ಲ ಮುಚ್ಚಿದೆ. ಗೋಡೆ ಗುದ್ದಲಿಲ್ಲ. ಮುಳ್ಳು ಎರಡರಲ್ಲಿ ನಿಂತಿತು, ಅಲ್ಲಾಡಲಿಲ್ಲ. ಮೀಟರನ್ನು ಅಲ್ಲೇ ಬಿಟ್ಟು ಬಂದೆ. ಆ ವಾರವೆಲ್ಲ ಮಾವ ಬೆಳಗ್ಗೆ ಫೋನ್ ಮಾಡಿ, ನಾನು ಕೇಳದಿದ್ದರೂ, ಮುಳ್ಳು ಎಲ್ಲಿದೆಯೆಂದು ಹೇಳುತ್ತಿದ್ದರು.

ಮೇಷ್ಟ್ರು ಆ ಮನೆಗೆ ಬಂದು, ನಲ್ಲಿ ತಿರುಗಿಸಿ ನೋಡಿ, ಸಹಿ ಹಾಕಿದರು.

ಪದವಿ ಪ್ರದಾನದ ದಿನ ಅಮ್ಮ ಮದುವೆಯ ಸೀರೆ ಉಟ್ಟಿದ್ದಳು. ವೇದಿಕೆಯಿಂದ ಇಳಿದು ಬಂದವಳು ಸರ್ಟಿಫಿಕೇಟನ್ನು ಮೊದಲು ಅವಳ ಕೈಗೆ ಕೊಟ್ಟೆ. ಅವಳು ನನ್ನ ಹೆಸರಿನ ಮೇಲೆ ಬೆರಳಾಡಿಸಿ ತನ್ನ ಅಣ್ಣನ ಕಡೆ ಚಾಚಿದಳು. ಮಾವ ಅಂಗೈಯನ್ನು ಶರ್ಟಿಗೆ ಒರೆಸಿಕೊಂಡು ತೆಗೆದುಕೊಂಡರು. ಮೇಲಿಂದ ಕೆಳಗಿನವರೆಗೆ ಬಹಳ ಹೊತ್ತು ನೋಡಿದರು.

“ಸೋಮವಾರ ಒಂದು ಹೊಸ ಮನೆ ಕೆಲ್ಸ ಶುರು ಮಾಡ್ತಿವ್ನಿ ಕಣವ್ವ” ಎಂದರು ನನಗೆ. “ನೀನು ಬಂದು ಗೋಡೆ ಮೇಲೆ ಗುರುತು ಹಾಕ್ಕೊಡು. ಆಮೇಲೇ ನಾನು ಪೈಪ್ ಎಳೆಯೋದು.”