ಒಂಬತ್ತನೇ ರೀಲು

ಸಿನಿಮಾ ಪ್ರಶಸ್ತಿ ಹಂಚೋ ಕಾಲ ಬಂತೆಂದರೆ ಕೆ.ಆರ್.ಪೇಟೆ ಟೆಂಟಿನ ಆಪರೇಟರ್ ಸೋಮಯ್ಯನ ಪಿತ್ತ ನೆತ್ತಿಗೇರುತ್ತಿತ್ತು. ಹೆಂಡತಿ ಬೀರಮ್ಮ ಮುದ್ದೆ ಇಟ್ಟು ಎಷ್ಟು ಕರೆದರೂ ರೇಡಿಯೋ ಮುಂದಿಂದ ಏಳುತ್ತಿರಲಿಲ್ಲ. ಪಟ್ಟಿ ಓದಿ ಮುಗಿಯೋದೇ ತಡ, ಬೈಗುಳ ಶುರು.

"ಇವ್ರ ಮನೆ ಆಳಾಗ! ಇವ್ನು ಶ್ರೇಷ್ಠ ನಟನಂತೆ! ಇಪ್ಪತ್ತು ವರ್ಸದಿಂದ ಪಿಚ್ಚರ್ ಓಡುಸ್ತಾ ಇವ್ನಿ, ನನ್ನ ಒಂದು ಮಾತು ಕೇಳುದ್ರಾ?"

ಆಮೇಲೆ ಪೇಪರಿನ ಸರದಿ. ಯಾರಿಗೆ ಯಾಕೆ ಬಂತು, ಯಾರಿಗೆ ಯಾಕೆ ತಪ್ಪಿತು ಅಂತ ಬೆಂಗಳೂರಿನ ಅಂಕಣಕಾರರು ವಾರಗಟ್ಟಲೆ ಬರೆಯೋರು, ಇವನು ಓದಿ ಓದಿ ಹಲ್ಲು ಕಡಿಯೋನು. ಓದದೇ ಇರಬಹುದಿತ್ತಲ್ಲ? ಅದಾಗದು ಮಹಾರಾಯನಿಗೆ. ಒಂದು ವಾರ ತಪ್ಪಿದರೆ ಶ್ರೀರಂಗಪಟ್ಟಣದ ಭಾಮೈದನಿಗೆ ಹೇಳಿ ಬಸ್ಸಿನಲ್ಲಿ ತರಿಸಿಕೊಳ್ಳೋನು.

ತೊಂಬತ್ನಾಲ್ಕರಲ್ಲಿ ಮಾಲೀಕ ಚಿಕ್ಕಸ್ವಾಮಿಯ ತಲೆ ತಿಂದು ಪ್ರಶಸ್ತಿ ಬಂದ ಪಿಚ್ಚರೊಂದನ್ನ ಒಂದು ದಿನದ ಮಟ್ಟಿಗೆ ಟೆಂಟಿಗೆ ತರಿಸಿದ. ನಮ್ಮ ಜನವೂ ನೋಡಲಿ ಅನ್ನೋದು ಅವನ ಹಟ. ಜನ ಬಂದರು, ಸದ್ದಿಲ್ಲದೆ ಕೂತರು. ಅಷ್ಟರಲ್ಲಿ ಹಾಳು ಕರೆಂಟು ಕೈಕೊಟ್ಟಿತು. ಅದು ಬರೋ ಹೊತ್ತಿಗೆ ಹೇಮಗಿರಿ ಕಡೆಯ ಜನ ಹಿಡಿಯಬೇಕಾದ ಕೊನೇ ಬಸ್ಸಿಗೆ ಹೊತ್ತಾಗಿತ್ತು. ಇಂಥ ದಿನ ಒಂದು ರೀಲನ್ನ ಡಬ್ಬದಲ್ಲೇ ಬಿಟ್ಟು ಆಟ ಮುಗಿಸೋದು ಟೆಂಟಿನ ಪದ್ಧತಿ. ಹಾಡಿನ ರೀಲು ಬಿಟ್ಟರೆ ಕಲ್ಲು ಬೀಳುತ್ತೆ, ಮಾತಿನ ರೀಲು ಬಿಟ್ಟರೆ ಕೇಳೋರಿಲ್ಲ. ಡಬ್ಬದ ಮೇಲೆ ಹಾಡಿನ ಗುರುತಿಲ್ಲದ್ದು ನೋಡಿ ಸೋಮಯ್ಯ ಒಂಬತ್ತನೇ ರೀಲು ಬಿಟ್ಟ.

ಟೆಂಟಿನ ಬಾಗಿಲಲ್ಲಿ ಕಡಲೆಕಾಯಿ ಮಾರೋ ಕುಳ್ಳಮ್ಮ ಒಂದು ಪಿಚ್ಚರನ್ನೂ ಬಿಟ್ಟವಳಲ್ಲ. ಆಟ ಮುಗಿದದ್ದೇ ಬಂದು ಕೇಳಿದಳು. "ಅಲ್ಲ ಸೋಮಣ್ಣ, ಆ ಎಣ್ಣು ಚೆನ್ನಾಗೇ ಇದ್ಲಲ್ಲ, ಯಾಕಣ್ಣ ಇದ್ದಕ್ಕಿದ್ದಂಗೆ ಮನೆ ಬುಟ್ಲು?"

"ಅವಾರ್ಡ್ ಪಿಚ್ಚರ್ ಕಣಕ್ಕ. ಅವು ಇಂಗೇಯ," ಅಂದು ಸೋಮಯ್ಯ ಡಬ್ಬಗಳನ್ನ ಕಟ್ಟಿದ. ಬೆಳಗಿನ ಬಸ್ಸಿಗೆ ಅವು ವಾಪಸ್ಸು ಹೋದವು.

ಮುಂದಿನ ವಾರ ಅಂಕಣಕಾರನೊಬ್ಬ ಬರೆದ: ಕೆ.ಆರ್.ಪೇಟೆ ಟೆಂಟಿನಲ್ಲಿ ಈ ಚಿತ್ರ ಒಂದೇ ದಿನಕ್ಕೆ ಎತ್ತಂಗಡಿ. ಹಳ್ಳಿಗರಿಗೆ ಕುಣಿತ, ಹೊಡೆದಾಟ ಸಾಕು, ಇಂಥದ್ದು ಅವರ ತಲೆಗೆ ಹತ್ತದು.

ಸೋಮಯ್ಯ ಕೆಂಡವಾದ. ಟೆಂಟಿನ ಬಾಗಿಲಲ್ಲಿ ನಿಂತು ಅದನ್ನ ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳಿದ. "ಯಾರಪ್ಪನ ಗಂಟು ತಿಂದಿದ್ವಂತೆ ನಾವು? ಒಂದು ದಿನ ನೆಲದಲ್ಲಿ ಕೂತು ನೋಡವ್ನಾ ಇವ್ನು?" ಅವತ್ತೇ ಪೇಪರಿಗೆ ಮೂರು ಪುಟದ ಕಾಗದ ಬರೆದ. ಡಬ್ಬ ಒಂದೇ ದಿನಕ್ಕೆ ಬಂದದ್ದು ಬರೆದ, ಜನ ಉಸಿರು ಬಿಗಿಹಿಡಿದು ಕೂತದ್ದು ಬರೆದ. ಒಂಬತ್ತನೇ ರೀಲಿನ ಮಾತು ಬರೆಯಲು ಪೆನ್ನು ಊರಿದ, ಮಾನ ಅಡ್ಡ ಬಂತು, ಬಿಟ್ಟ.

ಎರಡು ವಾರಕ್ಕೆ ಕಾಗದ ಅಚ್ಚಾಯಿತು. ಊರಿಗೂರೇ ಬೆನ್ನು ತಟ್ಟಿತು. "ಸರ್ಯಾಗ್ ಇಕ್ದೆ ಕಣ್ಲಾ ಸೋಮ!" ಅಂತ ಚಿಕ್ಕಸ್ವಾಮಿ ಟೀ ಕುಡಿಸಿದ.

ಕುಳ್ಳಮ್ಮ ಮಾತ್ರ ತಲೆ ಎತ್ತದೆ ಪೊಟ್ಟಣ ಕಟ್ಟುತ್ತಿದ್ದಳು. "ನಮ್ಮ ಪರ ಬರ್ದೆ, ಒಳ್ಳೇದಾಯ್ತು ಕಣಣ್ಣ. ಆದ್ರೆ ಆ ಪೇಪರ್ನೋನು ಅಂದಿದ್ದೇ ದಿಟ. ಎಷ್ಟು ಯೋಚ್ನೆ ಮಾಡುದ್ರೂ ನಂಗೆ ಆ ಕತೆ ತಿಳೀನಿಲ್ಲ. ಇನ್ಮೇಲೆ ಅಂಥ ಪಿಚ್ಚರ್ ಬಂದ್ರೆ ನಾನು ಒಳಕ್ಕೆ ಬರಾಕಿಲ್ಲ. ದಡ್ಡಮುಂಡೇಗೆ ಯಾಕದು?"

ಸೋಮಯ್ಯನಿಗೆ ಮೈಯೆಲ್ಲ ಉರಿಯಿತು. ಬೈಯೋಣವೆಂದರೆ ಬೈಸಿಕೊಳ್ಳಬೇಕಾದವನು ತಾನೇ.

"ನೀನಲ್ಲ ಕಣಕ್ಕ ದಡ್ಡಿ," ಅಂದ. "ಬಸ್ಸಿಗೆ ಒತ್ತಾಯ್ತು ಅಂತ ಒಂದು ರೀಲು ನಾನೇ ಬುಟ್ಬುಟ್ಟೆ. ಅವ್ಳು ಯಾಕೆ ಮನೆ ಬುಟ್ಲು ಅನ್ನೋದು ಅದ್ರಲ್ಲಿತ್ತು."

ಕುಳ್ಳಮ್ಮ ಪೊಟ್ಟಣವನ್ನ ಮಂಕರಿಗೆ ಎಸೆದಳು. "ನಿನ್ನ ಮಕಕ್ಕೆ ಬೆಂಕಿ ಆಕ! ಇಷ್ಟು ದಿವ್ಸದಿಂದ ನನ್ನ ಬುದ್ಧೀನ ನಾನೇ ಬಯ್ಕತಾ ಇವ್ನಿ, ನೀನು ಊರೋರ ಕೈಲಿ ಬೆನ್ನು ತಟ್ಟುಸ್ಕೊತೀಯಾ?" ಉಸಿರು ಎಳೆದುಕೊಂಡಳು. "ಆಯ್ತು, ಈಗ್ಲಾದ್ರೂ ಯೋಳು. ಯಾಕೆ ಬುಟ್ಲು?"

ಸೋಮಯ್ಯ ಬಾಯಿ ತೆರೆದ. ಅವತ್ತು ಆ ಡಬ್ಬದ ಮುಚ್ಚಳವನ್ನೇ ಅವನು ತೆಗೆದಿರಲಿಲ್ಲ.

"ನಾನೂ ನೋಡಿಲ್ಲ ಕಣಕ್ಕ," ಅಂದ.